ಡಿಸ್ಟ್ರಿಬ್ಯೂಟರ್ ಬದಲಿಸಿದರೆ ಪ್ಲೇ ಕೌಂಟ್ ಉಳಿಯುತ್ತಾ?

ಪ್ರಶ್ನೆ: ನಾಲ್ಕು ಭಾವಗೀತೆಗಳ ಇಪಿ (ಚಿಕ್ಕ ಆಲ್ಬಮ್) ಸ್ಪಾಟಿಫೈ, ಆಪಲ್ ಮ್ಯೂಸಿಕ್‌ನಲ್ಲಿದೆ. ಹಾಡನ್ನು ಅಲ್ಲಿಗೆ ತಲುಪಿಸೋ, ವರ್ಷ ವರ್ಷ ದುಡ್ಡು ಕಟ್ಟೋ ಡಿಸ್ಟ್ರಿಬ್ಯೂಟರ್ ಸೇವೆ ಬಿಟ್ಟು ಬೇರೆ ಕಡೆ ಹೋಗಬೇಕು. ಕೌಂಟ್ ಸೊನ್ನೆ ಆಗುತ್ತಾ?

ಉತ್ತರ 1: ಸಾಮಾನ್ಯವಾಗಿ ಆಗಲ್ಲ, ಹಳೇ ಐಎಸ್‌ಆರ್‌ಸಿ ಹಾಕಿದರೆ. ಅದು ಧ್ವನಿಮುದ್ರಣವನ್ನು ಗುರುತಿಸುವ ಕೋಡ್; ಹಾಡಿಗೊಂದು, ಅಕ್ಷರ-ಅಂಕಿ ಸೇರಿ 12. ಹಳೇ ಖಾತೆ ಮುಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಆಡಿಯೋ ಅದೇ ವೇವ್ ಫೈಲ್ ಆಗಿರಲಿ. ಹೊಸದಾಗಿ ಮಾಸ್ಟರ್ ಮಾಡಿ (ಅಂತಿಮವಾಗಿ ಧ್ವನಿ ಹದ ಮಾಡಿ) ಎರಡು ಸೆಕೆಂಡ್ ಉದ್ದ ಹೆಚ್ಚಾದರೂ ಹಳೇ ಹಾಡಿನ ಜೊತೆ ಹೊಂದಿಕೆ ತಪ್ಪಬಹುದು. ಹೆಸರಿನ ಸ್ಪೆಲಿಂಗ್ ಕೂಡ ಹಾಗೇ ಇರಬೇಕು. ಹೊಸದು ಲೈವ್ ಆಗಿ, ಕೌಂಟ್ ಕಂಡ ಮೇಲೆಯೇ ಹಳೇದನ್ನು ತೆಗೆಸಿ. ಅವಸರಪಟ್ಟು ಮೊದಲೇ ತೆಗೆಸಿದರೆ ಕೇಳುಗರ ಪ್ಲೇಲಿಸ್ಟ್‌ಗಳಿಂದ ಹಾಡು ಮಾಯ.

ಉತ್ತರ 2: ಯೂಟ್ಯೂಬ್ ಕಂಟೆಂಟ್ ಐಡಿಗೆ (ನಿಮ್ಮ ಹಾಡು ಬಳಸಿದ ವಿಡಿಯೋ ಹುಡುಕುವ ವ್ಯವಸ್ಥೆ) ಮಾತ್ರ ಈ ಕ್ರಮ ಉಲ್ಟಾ! ಮೊದಲು ಹಳೆಯವರ ಹಕ್ಕು ಬಿಡಿಸಿ, ಆಮೇಲೆ ಹೊಸಬರಿಗೆ ಕೊಡಿ. ಇಬ್ಬರೂ ಒಟ್ಟಿಗೆ ಹಕ್ಕು ಹೇಳಿದರೆ ತಕರಾರು ಬಿದ್ದು ಹಣ ತಡೆಯುತ್ತೆ. ಸ್ಪಾಟಿಫೈ ಕಲಾವಿದ ಪುಟದ ಲಿಂಕನ್ನೂ ಅಪ್‌ಲೋಡ್ ಮಾಡುವಾಗಲೇ ಕೊಡಿ. ಇಲ್ಲದಿದ್ದರೆ ಅದೇ ಹೆಸರಿನ ಇನ್ಯಾರದೋ ಪುಟಕ್ಕೆ ಹಾಡು ಹೋಗಿ ಕೂರಬಹುದು.

ಉತ್ತರ 3: ಕವಿಯ ಅನುಮತಿ ಪತ್ರ ಇದೆಯಾ? ಹೊಸಬರು ಕೇಳಬಹುದು.