ಎಲೆ, ಅಡಿಕೆ, ಸುಣ್ಣ: ಅರಿವಳಿಕೆ ವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಈ ಭಾನುವಾರ ಪ್ರಶ್ನೆಗಳಿಗೆ ಉತ್ತರಿಸುವವರು ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅರಿವಳಿಕೆ ವೈದ್ಯರಾಗಿರುವ ನಮ್ಮ ಸದಸ್ಯರು. ವಿಷಯ: ಜಡವಸ್ತುವಿನಿಂದ ಪ್ರಜ್ಞೆ ಹೇಗೆ ಹುಟ್ಟುತ್ತದೆ? ದಯವಿಟ್ಟು ಮೊಣಕಾಲು ನೋವಿನ ಚೀಟಿಗಳನ್ನು ಇಲ್ಲಿ ಹಾಕಬೇಡಿ.

ಪ್ರಶ್ನೆ (ಶಿಕ್ಷಕಿ, ಆಳಂದ): ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮೆದುಳು ಕೂಡ ಮಾಂಸವೇ ಅಲ್ಲವೇ ಟೀಚರ್? ಮಾಂಸಕ್ಕೆ ನೋವು ಹೇಗೆ ಗೊತ್ತಾಗುತ್ತದೆ?" ನಾನು ಹಲಗೆಯ ಮೇಲೆ ನರಕೋಶದ ಚಿತ್ರ ಬರೆದು ತಪ್ಪಿಸಿಕೊಂಡೆ.

ಉತ್ತರ: ನಾವೂ ಹಾಗೆಯೇ ತಪ್ಪಿಸಿಕೊಳ್ಳುತ್ತೇವೆ. ನಮ್ಮ ಚಿತ್ರಗಳು ಸ್ವಲ್ಪ ದುಬಾರಿ, ಅಷ್ಟೇ ವ್ಯತ್ಯಾಸ.

ದಿನವೂ ಕಣ್ಣೆದುರಿಗೆ ನಡೆಯುವುದನ್ನು ಹೇಳುತ್ತೇನೆ. ಮೇಜಿನ ಮೇಲೆ ಮಲಗಿದವರ ರಕ್ತನಾಳಕ್ಕೆ ಪ್ರೊಪೊಫಾಲ್ ಎಂಬ, ನೋಡಲು ಥೇಟ್ ಹಾಲಿನಂತಿರುವ ಔಷಧ ಕೊಡುತ್ತಾ ಮಾತಿಗೆಳೆಯುತ್ತೇನೆ. ಈ ಸಲ ತೊಗರಿ ಎಷ್ಟು ಎಕರೆ? "ನಾಲ್ಕು ಎಕರೆ ಹಾಕಿದ್ದೆವು ಸಾಹೇಬರೇ, ಆದರೆ ನೆಟೆ ರೋಗ..." ವಾಕ್ಯ ಅಲ್ಲಿಗೇ ಕಡಿಯುತ್ತದೆ. ಅರ್ಧ ನಿಮಿಷದ ಆಸುಪಾಸಿನ ಕೆಲಸ. ಎರಡು ಗಂಟೆಯ ಬಳಿಕ ಕಣ್ಣು ತೆರೆದು, "ಇನ್ನೂ ಶುರು ಮಾಡಿಲ್ಲವೇ?" ಎಂದು ಕೇಳುತ್ತಾರೆ. ನಿದ್ದೆಯಿಂದ ಎದ್ದವನಿಗೆ ಹೊತ್ತು ಸರಿದದ್ದು ಮೈಗೆ ಗೊತ್ತಿರುತ್ತದೆ. ಇವರ ಪಾಲಿಗೆ ಆ ಎರಡು ಗಂಟೆ ನಡೆಯಲೇ ಇಲ್ಲ.

1846ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಮೂಸಿಸಿ ಹತ್ತಾರು ಜನರ ಮುಂದೆ ಇದನ್ನು ಮಾಡಿ ತೋರಿಸಿದ. ಇಂದು ನಮಗೆ ಅವನಿಗಿಂತ ಹೆಚ್ಚು ಗೊತ್ತು: ಪ್ರೊಪೊಫಾಲ್ ನರಕೋಶದ ಮೇಲಿರುವ ಗಾಬಾ ಗ್ರಾಹಕ ಎಂಬ ಪ್ರೋಟೀನನ್ನು ಹಿಡಿದು ಕೋಶವನ್ನು ತಣ್ಣಗಾಗಿಸುತ್ತದೆ. ಔಷಧ ಹಿಡಿದಾಗ "ನಾನು" ಹೋಗುತ್ತದೆ, ಬಿಟ್ಟಾಗ ಬರುತ್ತದೆ. ಆದ್ದರಿಂದ ಪ್ರಜ್ಞೆ ಮೆದುಳಿನದೇ ಕೆಲಸ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಾಂಸಕ್ಕೆ ನೋವು ಏಕೆ ನೋವಾಗಿಯೇ ಅನಿಸುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿಲ್ಲ. ಹುಡುಗಿಗೆ ಹಾಗೆಯೇ ಹೇಳಿ. ಅವಳ ಪ್ರಶ್ನೆ ಪಠ್ಯಪುಸ್ತಕಕ್ಕಿಂತ ಮುಂದಿದೆ.

ಪ್ರಶ್ನೆ (ಬಿದ್ರಿ ಕುಶಲಕರ್ಮಿ, ಬೀದರ್): ನಮ್ಮ ಕೆಲಸದಲ್ಲಿ ಸತು, ತಾಮ್ರ ಕರಗಿಸಿ ಎರಕ ಹೊಯ್ಯುತ್ತೇವೆ. ಅದು ಬೂದುಬಣ್ಣ. ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದರೆ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಪ್ರಜ್ಞೆಯೂ ಹೀಗೆ ಕೂಡಿಕೆಯಿಂದ ಬಂದದ್ದಿರಬಹುದೇ?

ಉತ್ತರ: ಇದೇ ಮಾತನ್ನು ನಮ್ಮ ಲೋಕಾಯತರು, ಅಂದರೆ ಆತ್ಮವನ್ನು ಒಪ್ಪದ ಪ್ರಾಚೀನ ಭೌತವಾದಿಗಳು, ಬಹಳ ಹಿಂದೆಯೇ ಆಡಿದ್ದರು. ಅವರ ದೃಷ್ಟಾಂತ ನಮ್ಮೆಲ್ಲರ ಬಾಯಲ್ಲೇ ಇದೆ: ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರನ್ನೂ ಅಗಿದರೆ ಕೆಂಪು. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಬೇರೆ ಆತ್ಮ ಬೇಕಿಲ್ಲ ಎಂದರು.

ದೃಷ್ಟಾಂತ ನನಗೆ ಇಷ್ಟ, ಆದರೆ ಅದು ಒಂದು ಕಡೆ ಜಾರುತ್ತದೆ. ತಾಂಬೂಲದ ಕೆಂಪನ್ನು, ಬಿದ್ರಿಯ ಕಪ್ಪನ್ನು ರಸಾಯನಶಾಸ್ತ್ರ ಕೊನೆಯ ಅಣುವಿನವರೆಗೆ ವಿವರಿಸಬಲ್ಲದು. ಅದು ಹೊರಗಿನಿಂದ ನೋಡುವವರೆಲ್ಲರಿಗೂ ಕಾಣುವ ಬಣ್ಣ. ನನ್ನ ಹಲ್ಲುನೋವು ಹಾಗಲ್ಲ, ಅದು ನನ್ನೊಳಗಿನಿಂದ ಮಾತ್ರ ಕಾಣುತ್ತದೆ. ನರದ ಒಂದೊಂದು ಮಿಡಿತವನ್ನು ಲೆಕ್ಕ ಹಾಕಿ ಮುಗಿಸಿದರೂ "ಇದೆಲ್ಲ ನಡೆಯುವಾಗ ನೋವು ಅನಿಸುವುದಾದರೂ ಏಕೆ?" ಎಂಬುದು ಉಳಿದೇ ಬಿಡುತ್ತದೆ. ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನು ಕಠಿಣ ಸಮಸ್ಯೆ ಎಂದು ಕರೆದರು. 25 ವರ್ಷಗಳಲ್ಲಿ ಪ್ರಜ್ಞೆಯ ಗುರುತು ಮೆದುಳಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಎಂದು 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ ಚಾಮರ್ಸ್ ಅವರೊಂದಿಗೆ ಪಂತ ಕಟ್ಟಿದರು. 2023ರಲ್ಲಿ ಕಾಖ್ ಸೋತು ವೈನ್ ಬಾಟಲಿ ಕೊಟ್ಟರು.

ಪ್ರಶ್ನೆ (ಔಷಧ ಅಂಗಡಿ, ಯಾದಗಿರಿ): ಮೆದುಳಿನ ಯಾವ ಭಾಗದಲ್ಲಿದೆ ಎಂದಾದರೂ ಗೊತ್ತೇ?

ಉತ್ತರ: ಎಲ್ಲಿ ಇಲ್ಲ ಎಂಬುದು ಚೆನ್ನಾಗಿ ಗೊತ್ತು. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಸುಮಾರು 6,900 ಕೋಟಿ ಹಿಂದಲೆಯ ಕೆಳಗಿರುವ ಕಿರುಮೆದುಳಿನಲ್ಲಿವೆ. ಅದು ಕೆಟ್ಟರೆ ಮನುಷ್ಯ ಕುಡಿದವನಂತೆ ತೂರಾಡುತ್ತಾನೆ, ಮಾತು ತೊದಲುತ್ತದೆ. ಪ್ರಜ್ಞೆ ಮಾತ್ರ ಅಲುಗುವುದಿಲ್ಲ. ಕೋಶಗಳ ರಾಶಿ ಹಾಕಿದರೆ ಸಾಲದು, ಅವು ಒಂದರೊಡನೊಂದು ಮಾತನಾಡಬೇಕು. ಅರಿವಳಿಕೆಯಲ್ಲಿ ಕಿವಿಯಿಂದ ಬಂದ ಸದ್ದು ಮೆದುಳಿನ ಶಬ್ದದ ಜಾಗವನ್ನು ಮುಟ್ಟುತ್ತಲೇ ಇರಬಹುದು, ಆದರೆ ಅಲ್ಲಿಂದ ಮುಂದಕ್ಕೆ ಹರಡುವುದಿಲ್ಲ. ಬಾಗಿಲಿಗೆ ಬಂದ ಪತ್ರವನ್ನು ಮನೆಯವರಾರೂ ಓದದಂತೆ. ಕನ್ನಡದವರು ಅರಿವಳಿಕೆ ಎಂದು ಒಳ್ಳೆಯ ಹೆಸರು ಕೊಟ್ಟಿದ್ದಾರೆ, ಆದರೆ ಅರಿವು ಅಳಿಯುವುದಕ್ಕಿಂತ ಚೆದುರುತ್ತದೆ ಎಂದು ನನ್ನ ಅನಿಸಿಕೆ.

ಪ್ರಶ್ನೆ (ನಿವೃತ್ತ ಅಂಚೆ ನೌಕರ, ಸೇಡಂ): ರೇಡಿಯೊ ಕೆಟ್ಟರೆ ಹಾಡು ನಿಲ್ಲುತ್ತದೆ. ಹಾಗೆಂದು ಹಾಡು ರೇಡಿಯೊದಲ್ಲಿ ಹುಟ್ಟಿತೇ? ನೀವು ಕೆಡಿಸುವುದು ರೇಡಿಯೊವನ್ನು.

ಉತ್ತರ: ಈ ಪ್ರಶ್ನೆಗೇ ಕಾಯುತ್ತಿದ್ದೆ. ರೇಡಿಯೊ ಕೆಟ್ಟರೆ ಹಾಡು ಗೊರಗೊರ ಎನ್ನುತ್ತದೆ, ಹಾಡುವವರಿಗೆ ಏನೂ ಆಗುವುದಿಲ್ಲ. ಮೆದುಳು ಕೆಟ್ಟರೆ ಹಾಡುವವರೇ ಬದಲಾಗುತ್ತಾರೆ. ಬಲಮೆದುಳಿಗೆ ಪಾರ್ಶ್ವವಾಯು ಹೊಡೆದ ಅಜ್ಜಿಯೊಬ್ಬರ ಎಡಗೈಯನ್ನು ಎತ್ತಿ ಅವರ ಎದೆಯ ಮೇಲೆ ಇಟ್ಟು, ಇದು ಯಾರ ಕೈ ಎಂದು ಕೇಳಿದ್ದೆ. ಹಸಿರು ಬಳೆಗಳು ಇನ್ನೂ ಇದ್ದವು. "ನನ್ನ ಸೊಸೆಯದು, ತೆಗೆಯಿರಿ, ಭಾರ" ಎಂದರು. ಬಳೆ ಗುರುತು ಸಿಕ್ಕಿತು, ಕೈ ಸಿಗಲಿಲ್ಲ. ಆತ್ಮದ ಬಗ್ಗೆ ನಿಮ್ಮ ನಂಬಿಕೆಗೆ ನನ್ನ ತಕರಾರಿಲ್ಲ. ರೇಡಿಯೊದ ಉಪಮೆಗೆ ಇದೆ.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ): ಮೊಬೈಲಿನ ಕೃತಕ ಬುದ್ಧಿಮತ್ತೆ ನೋವಾಯಿತು ಎಂದು ಬರೆಯುತ್ತದೆ. ಅದಕ್ಕೂ ಪ್ರಜ್ಞೆ ಇದೆಯೇ?

ಉತ್ತರ: ಮಾತು ಸಾಕ್ಷಿಯಲ್ಲ. ಮೌನವೂ ಅಲ್ಲ, ಅದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ (ಗೃಹಿಣಿ, ಹುಮನಾಬಾದ್): ತಲೆಗೆ ಪೆಟ್ಟಾಗಿ ನಮ್ಮ ತಂದೆ ಎರಡು ತಿಂಗಳಿಂದ ಕಣ್ಣು ತೆರೆದರೂ ಸ್ಪಂದಿಸುತ್ತಿಲ್ಲ. ಅವರಿಗೆ ಕೇಳಿಸುತ್ತಿರಬಹುದೇ?

ಉತ್ತರ: ಕಾಣದೆ ರೋಗಿಯ ಬಗ್ಗೆ ಹೇಳಬಾರದು, ಹೇಳುವುದಿಲ್ಲ. ಎರಡು ಸಂಗತಿ ಮಾತ್ರ.

ಹೊಲದಲ್ಲಿ ನಾಗರಹಾವು ಕಚ್ಚಿದ ಯುವಕನೊಬ್ಬ ಉಸಿರಾಟದ ಯಂತ್ರದ ಮೇಲಿದ್ದ. ಆ ವಿಷ ನರದ ಆದೇಶ ಸ್ನಾಯುವಿಗೆ ತಲುಪದಂತೆ ತಡೆಯುತ್ತದೆ. ನಾವು ಶಸ್ತ್ರಚಿಕಿತ್ಸೆಗೆ ಬಳಸುವ ಸ್ನಾಯು ಸಡಿಲಿಸುವ ಔಷಧವೂ ಅದೇ ಬೀಗಕ್ಕೆ ಹಾಕುವ ಕೀಲಿ. ರೆಪ್ಪೆ ಎತ್ತಲಾರ, ಬೆರಳು ಅಲುಗಿಸಲಾರ. ಬಂಧುಗಳು ಮಂಚದ ಬಳಿಯೇ ಊರಿಗೆ ಒಯ್ಯುವ ಗಾಡಿಯ ಮಾತು ಎತ್ತಿದ್ದರು. ವಿಷಕ್ಕೆ ಮದ್ದು ಕೊಟ್ಟು ಮೂರು ದಿನ ಕಾದೆವು. ಮಾತು ಬಂದ ಮೇಲೆ ಅವನು ಮೊದಲು ಕೇಳಿದ್ದು, "ಗಾಡಿಗೆ ಎಷ್ಟು ಕೊಟ್ಟಿರಿ?"

ಇನ್ನೊಂದು: 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು, ಸ್ಪಂದಿಸದೆ ಮಲಗಿದ್ದ 23 ವರ್ಷದ ಮಹಿಳೆಗೆ ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದು ಹೇಳಿ ಮೆದುಳನ್ನು ಸ್ಕ್ಯಾನ್ ಮಾಡಿದರು. ಆರೋಗ್ಯವಂತರು ಕಲ್ಪಿಸಿಕೊಂಡಾಗ ಚುರುಕಾಗುವ ಜಾಗವೇ ಚುರುಕಾಯಿತು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರಗೆ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿಯ ಮೆದುಳು ಒಳಗೇ ಸ್ಪಂದಿಸಿತು. ಉಳಿದವರಲ್ಲಿ ಕಾಣಲಿಲ್ಲ ಎಂಬುದನ್ನೂ ಮರೆಮಾಚಬಾರದು.

ತಂದೆಯ ಎದುರು ಆಸ್ತಿ, ಖರ್ಚಿನ ಮಾತು ಬೇಡ. ನೀವು ಯಾರೆಂದು ಮೊದಲು ಹೆಸರು ಹೇಳಿ, ನಿಧಾನವಾಗಿ ಮಾತನಾಡಿ. ಒಂದು ಕನ್ನಡಿ ಹಿಡಿದು ಪಕ್ಕಕ್ಕೆ ಸರಿಸಿ, ಕಣ್ಣು ಹಿಂಬಾಲಿಸುತ್ತದೆಯೇ ನೋಡಿ. ದಿನದ ಬೇರೆ ಬೇರೆ ಹೊತ್ತಿನಲ್ಲಿ ನೋಡಿ, ಬರೆದಿಡಿ. ಆ ಹಾಳೆಯನ್ನು ನಿಮ್ಮ ನರರೋಗ ತಜ್ಞರಿಗೆ ತೋರಿಸಿ.

ಗೃಹಿಣಿ, ಹುಮನಾಬಾದ್: ಯಾವ ಕನ್ನಡಿಯಾದರೂ ಆಗುತ್ತದೆಯೇ?

ಉತ್ತರ: ಅವರು ಗಡ್ಡ ಹೆರೆಯುತ್ತಿದ್ದ ಕನ್ನಡಿಯೇ ಇದ್ದರೆ ಒಳ್ಳೆಯದು.