ಬಣ್ಣದ ವೇಷದ ಕಣ್ಣು ಕ್ಯಾಮೆರಾಗೆ ಯಾಕೆ ಸಿಗುವುದಿಲ್ಲ?

ಪ್ರಶ್ನೆ:
ಹೋದ ಶನಿವಾರ ನಮ್ಮೂರ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಇತ್ತು. ಹೊಸ ಮಿರರ್‌ಲೆಸ್ ಕ್ಯಾಮೆರಾ, 70-300 ಎಫ್/4.5-5.6 ಲೆನ್ಸ್ ತೆಗೆದುಕೊಂಡು ಹೋಗಿದ್ದೆ. ಸ್ತ್ರೀವೇಷ ಬಂದಾಗ ಫೋಕಸ್ ಬಾಕ್ಸ್ ಕಣ್ಣಿನ ಮೇಲೆ ಟಕ್ ಅಂತ ಕೂತಿತು, ಬಿಡಲೇ ಇಲ್ಲ. ಬಣ್ಣದ ವೇಷ, ಅಂದರೆ ಮುಖ ತುಂಬಾ ಬಣ್ಣ ಬರೆದ ರಾಕ್ಷಸ ಪಾತ್ರ, ರಂಗಕ್ಕೆ ಬಂತು ನೋಡಿ, ಬಾಕ್ಸ್ ಮಾಯ. ಒಮ್ಮೆ ಕಿರೀಟದ ಮೇಲೆ, ಒಮ್ಮೆ ಹಿಂದೆ ಕೂತ ಮದ್ದಳೆಯವರ ಮುಖದ ಮೇಲೆ. ಸುಮಾರು 200 ಫೋಟೊಗಳಲ್ಲಿ ವೇಷ ಮಸುಕಾಗಿದೆ. ಆ ಕಲಾವಿದರು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಗಂಟೆಗಟ್ಟಲೆ ಕೂತು ಮುಖದ ಮೇಲೆ ಒಂದೊಂದೇ ಚುಟ್ಟಿ, ಅಂದರೆ ಹಿಟ್ಟಿನ ಬಿಳಿ ಮುಳ್ಳು, ಇಡುವುದನ್ನು ಪಕ್ಕದಲ್ಲೇ ನಿಂತು ನೋಡಿದ್ದೆ. ಅದಕ್ಕೇ ತುಂಬಾ ಬೇಜಾರು. ಕ್ಯಾಮೆರಾ ಕೆಟ್ಟಿದೆಯಾ, ನನ್ನ ಸೆಟ್ಟಿಂಗ್ ತಪ್ಪಾ?

ಉತ್ತರ 1:
ಕ್ಯಾಮೆರಾ ಕೆಟ್ಟಿಲ್ಲ ಮಾರಾಯ್ರೆ. ಒಳಗೆ ಎರಡು ಕೆಲಸ ನಡೆಯುತ್ತದೆ. ಕಣ್ಣು ಎಲ್ಲಿದೆ ಅಂತ ಹುಡುಕುವುದು ಎಐ. ಆ ಜಾಗಕ್ಕೆ ಫೋಕಸ್ ಎಷ್ಟು ಸರಿಯಬೇಕು ಅಂತ ಅಳೆಯುವುದು ಸೆನ್ಸರ್. ನಿಮ್ಮಲ್ಲಿ ಸೋತದ್ದು ಹುಡುಕುವ ಕೆಲಸ. ಎಐಗೆ ರಾಶಿ ರಾಶಿ ಫೋಟೊ ತೋರಿಸಿ ಮುಖ ಅಂದರೆ ಹೀಗೆ ಅಂತ ಕಲಿಸಿರುತ್ತಾರೆ. ಬಣ್ಣದ ವೇಷದಲ್ಲಿ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಮುಳ್ಳಿನ ಹಾಗೆ ಸಾಲಾಗಿ ಎದ್ದಿರುತ್ತದೆ. ಕಣ್ಣಿನ ಸುತ್ತ ಕೆಂಪು, ಕಪ್ಪು. ಚರ್ಮದ ಬಣ್ಣವೇ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವ ಮುಖ ಮದ್ದಳೆಯವರದ್ದು, ಅಲ್ಲಿಗೆ ಹೋಯಿತು. ಕಲಿಸಿದರೆ ಕಲಿಯುತ್ತದೆ. ನಿಕಾನ್ ಝಡ್8ಗೆ ಹಕ್ಕಿಗೇ ಅಂತ ಬೇರೆ ಮೋಡ್ ಬಂದದ್ದು 2024ರ ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್). ಯಕ್ಷಗಾನಕ್ಕೂ ಒಂದು ದಿನ ಬರಲಿ ಅಂತ ನನಗೆ ಆಸೆ.

ಸದ್ಯಕ್ಕೆ ನಾನು ಮಾಡುವುದು ಹೀಗೆ. ಬಣ್ಣದ ವೇಷ ಬರಲು ತೆರೆ ಹಿಡಿದ ಕೂಡಲೇ ಕಣ್ಣು ಹುಡುಕುವುದನ್ನು ಆಫ್ ಮಾಡುತ್ತೇನೆ. ಅದಕ್ಕೆ ಒಂದು ಬಟನ್ನೇ ಇಟ್ಟಿದ್ದೇನೆ. ಚಿಕ್ಕ ಬಾಕ್ಸನ್ನು ಹುಬ್ಬಿನ ಹತ್ತಿರದ ಚುಟ್ಟಿಯ ಮೇಲೆ ಇಡುತ್ತೇನೆ. ಕಪ್ಪಿನ ಪಕ್ಕ ಬಿಳಿ, ಫೋಕಸ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಎಐಯನ್ನು ದಾರಿ ತಪ್ಪಿಸಿದ ಅದೇ ಚುಟ್ಟಿ ಇಲ್ಲಿ ಕೈ ಹಿಡಿಯುತ್ತದೆ. ಹತ್ತು ಮೀಟರ್ ದೂರದಿಂದ ಎಫ್/5.6ರಲ್ಲಿ ಚುಟ್ಟಿ ಸ್ಪಷ್ಟ ಬಂದರೆ ಕಣ್ಣೂ ಬಂದ ಹಾಗೆ.

ಉತ್ತರ 2:
ಬೆಳಕನ್ನೂ ನೋಡಿ. ಕ್ಯಾನನ್ ಆರ್5 ಕ್ಯಾಮೆರಾ -6 ಇವಿ (ಬೆಳಕಿನ ಅಳತೆ) ಕತ್ತಲಲ್ಲೂ ಫೋಕಸ್ ಮಾಡುತ್ತದೆ ಅನ್ನುವುದು ತುಂಬಾ ಬೆಳಕು ಬಿಡುವ ಎಫ್/1.2 ಲೆನ್ಸ್ ಹಾಕಿದಾಗಿನ ಲೆಕ್ಕ. ಎಫ್/5.6ರಲ್ಲಿ ಅದಕ್ಕಿಂತ ನಾಲ್ಕು ಸ್ಟಾಪ್‌ಗೂ ಮಿಕ್ಕಿ ಬೆಳಕು ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). 85 ಎಂಎಂ ಎಫ್/1.8 ಲೆನ್ಸ್ ಇದ್ದರೆ ಮುಂದೆ ನೆಲದಲ್ಲೇ ಕೂತುಬಿಡಿ. ಸೈಲೆಂಟ್ ಶಟರ್ ಬೇಡ, ಎಲ್‌ಇಡಿ ದೀಪಕ್ಕೆ ಫೋಟೊದಲ್ಲಿ ಪಟ್ಟೆ ಬೀಳಬಹುದು.

ಪ್ರಶ್ನೆ ಕೇಳಿದವರು:
ನಿನ್ನೆ ಪಕ್ಕದೂರಿನ ಆಟದಲ್ಲಿ ಚುಟ್ಟಿಗೇ ಫೋಕಸ್ ಇಟ್ಟೆ. ನಿಂತು ಆರ್ಭಟ ಕೊಡುವಾಗ ಸಾಲಾಗಿ ಹನ್ನೊಂದು ಫೋಟೊ ಸ್ಪಷ್ಟ ಬಂದವು. ಒಂದರಲ್ಲಿ ಬಲ ಹುಬ್ಬಿನ ಮೇಲೆ ಒಂದು ಚುಟ್ಟಿ ಉದುರಿದ್ದೂ ಕಾಣುತ್ತದೆ. ಪ್ರಿಂಟ್ ಹಾಕಿಸಿ ಕಲಾವಿದರಿಗೆ ಕೊಡುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನು ಪುಂಡುವೇಷದ (ಎಳೆಯ ವೀರನ ಪಾತ್ರ) ಧೀಂಗಿಣಕ್ಕೆ, ಆ ಗಿರಗಿರ ಸುತ್ತುವ ಕುಣಿತಕ್ಕೆ, ಏನು ಮಾಡುತ್ತೀರಿ? ಎರಡನೇ ಸುತ್ತಿಗೇ ಬಾಕ್ಸ್ ಕೈಬಿಡುತ್ತದೆ.