ಪದಚರ್ಚೆ: ಗೆದ್ದೂ ವಾಪಸ್ ಹೋದ ದಂಡಿಗೆ ಏನನ್ನೋಣ?

ಗೆಳೆಯರೇ,

1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದು ವಾಪಸ್ ಹೋದದ್ದನ್ನು ಹೈಸ್ಕೂಲ್ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ಲೇಖನಿ ನಿಂತಿದೆ.

ಮೊದಲು ‘ದಾಳಿ’. ದಾಳಿ ಅಂದರೆ ದಿಢೀರನೆ ಬಂದು ಎರಗುವುದು, ಅಲ್ವಾ? ಇದು ಹಾಗಲ್ಲ. ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಹಿಡಿದು, ಮೇ ತಿಂಗಳ ಮೊದಲ ವಾರ ಭಾರಿ ಫಿರಂಗಿ, ಮದ್ದುಗುಂಡು, ಸಾವಿರಾರು ಎತ್ತು ಎಲ್ಲ ಹೊರಡಿಸಿಕೊಂಡು ಕನಕಪುರದ ದಾರಿ ಹಿಡಿದ. ‘ಮುತ್ತಿಗೆ’, ‘ಲಗ್ಗೆ’ ಎನ್ನೋಣವೆಂದರೆ ಆ ಸಲ ಕೋಟೆ ಗೋಡೆಯವರೆಗೆ ಹೋಗಲೇ ಇಲ್ಲ. ‘ದಂಡೆತ್ತಿ ಬಂದ’ ಅನ್ನುವುದೇ ನನಗೆ ಒಪ್ಪುತ್ತದೆ. ದಂಡು ಅಂದಾಗ ಸಿಪಾಯಿ ಮಾತ್ರವಲ್ಲ, ಅಡುಗೆಯವನು, ಮೇವಿನವನು, ಡೇರೆ, ಸಂತೆ ಎಲ್ಲವೂ ಕಣ್ಣಿಗೆ ಬರುತ್ತದೆ. (ಬೆಂಗಳೂರಿನ ‘ದಂಡು’, ಅಂದರೆ ಕಂಟೋನ್ಮೆಂಟ್, ಆಮೇಲಿನದು, ಆ ಮಾತು ಬೇರೆ.)

ನಿಜವಾದ ತೊಡಕು ಮುಂದಿನದು. ಮೇ 15ರಂದು ಅರಕೆರೆಯ ಹತ್ತಿರ ಕಾಳಗ ನಡೆದು ಕಾರ್ನ್‌ವಾಲಿಸನೇ ಗೆದ್ದ. ಆದರೆ ದಾರಿಯುದ್ದಕ್ಕೂ ಹಳ್ಳಿ, ಮೇವು ಎಲ್ಲವನ್ನೂ ಟಿಪ್ಪುವಿನ ಕಡೆಯವರು ಮೊದಲೇ ಸುಟ್ಟಿದ್ದರು. ಮಳೆ ಬೇರೆ ಹಿಡಿದಿತ್ತು. ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸಾಲುಸಾಲಾಗಿ ಸತ್ತವು. ಫಿರಂಗಿಗಳಿಗೆ ಸಿಪಾಯಿಗಳೇ ಹೆಗಲು ಕೊಡಬೇಕಾಯಿತು. ಕೊನೆಗೆ ಕನ್ನಂಬಾಡಿಯ ಬಳಿ ಅಷ್ಟು ದೂರ ಎಳೆದು ತಂದ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿನ ಕಡೆ ತಿರುಗಿದ. ಕೊಡಗಿನ ಕಡೆಯಿಂದ ಬಾಂಬೆ ಸೈನ್ಯ ಕರೆದುಕೊಂಡು ಬರುತ್ತಿದ್ದ ಜನರಲ್ ಅಬರ್‌ಕ್ರಾಂಬಿಗೂ ಮರಳಿ ಹೋಗಲು ಹೇಳಿ ಕಳಿಸಿದ. ತಮಾಷೆ ಅಂದರೆ, ಧಾನ್ಯ ಇಟ್ಟುಕೊಂಡಿದ್ದ, ಕಂಪನಿಯ ಮಿತ್ರರಾದ ಮರಾಠರ ಸೈನ್ಯ ಅಷ್ಟು ಹತ್ತಿರ ಬಂದಿದ್ದರೂ ಇವನಿಗೆ ಸುದ್ದಿ ತಲುಪಿರಲಿಲ್ಲ. ಟಿಪ್ಪುವಿನ ಸವಾರರು ಸುದ್ದಿ ತರುವವರ ದಾರಿ ತಡೆಯುತ್ತಿದ್ದರು. ವಾಪಸ್ ಹೊರಟ ಮೇಲೆ ಎದುರಾದ ಮರಾಠರ ಕುದುರೆ ಸವಾರರನ್ನು ಮೊದಲು ಶತ್ರುಗಳೆಂದೇ ತಿಳಿದರಂತೆ.

ಇದಕ್ಕೆ ಯಾವ ಕ್ರಿಯಾಪದ? ‘ಸೋತ’ ಅಂದರೆ ಅರಕೆರೆ ಅಡ್ಡ ಬರುತ್ತದೆ. ‘ಹಿಮ್ಮೆಟ್ಟಿದ’ ಅಂದರೆ ಎದುರಾಳಿ ಹೊಡೆದು ದೂಡಿದ ಹಾಗೆ. ‘ಕಾಲ್ಕಿತ್ತ’ದಲ್ಲಿ ಹೆದರಿ ಓಡಿದ ವಾಸನೆ. ‘ವಿಫಲವಾಯಿತು’ ಸುಮ್ನೆ ಪತ್ರಿಕೆಯ ಮಾತು, ಯಾಕೆ ಅನ್ನುವುದನ್ನೇ ನುಂಗಿಬಿಡುತ್ತದೆ. ಮುಂದಿನ ವರ್ಷ ಫೆಬ್ರವರಿಯಲ್ಲಿ ಲಂಬಾಣಿಗರ ಎತ್ತಿನ ಹೇರುಗಳನ್ನು ನೆಚ್ಚಿಕೊಂಡು ಮತ್ತೆ ಬಂದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಹಾಗಾಗಿ ಮೊದಲ ಸಲ ಕೈಕೊಟ್ಟದ್ದು ಹೊಟ್ಟೆ ಮತ್ತು ಎತ್ತು ಅನ್ನುವುದು ಆ ಪದದಲ್ಲೇ ಕಾಣಬೇಕು.

ಸದ್ಯಕ್ಕೆ ‘ದಂಡು ಮುರಿದು ಹಿಂತಿರುಗಿದ’ ಎಂದು ಬರೆದಿದ್ದೇನೆ. ಮಂಡ್ಯ, ಮೈಸೂರು ಕಡೆ ಲಾವಣಿಗಳಲ್ಲಿ ಇದಕ್ಕಿಂತ ಚೆನ್ನಾದ ಮಾತು ಕೇಳಿದವರಿದ್ದರೆ ತಿಳಿಸಿ. ಸೈನ್ಯದ ಜೊತೆ ಸಾಗುವ ದವಸ, ಮೇವು ಎರಡಕ್ಕೂ ಸೇರಿ ‘ಸರಬರಾಜು’ ಬಿಟ್ಟು ಬೇರೆ ಪದ ಇದ್ದರೆ ಅದೂ ಬೇಕು.